ಮೊದಲ ತಂಬಿಗೆ ನೀರು

ಹೋದ ಭಾನುವಾರ ನಮ್ಮ ಮನೆಯ ಓನರ್ ಸರೋಜಾ ಆಂಟಿ ಮೆಟ್ಟಿಲು ಹತ್ತಿ ಬಂದು ನನ್ನ ತಂಬಿಗೆಯನ್ನು ವಾಪಸ್ಸು ಕೊಟ್ಟು ಹೋದರು. ಐದು ತಿಂಗಳು ಅದು ಅವರ ಬಚ್ಚಲಲ್ಲಿತ್ತು. ಮಗಳ ಬಾಣಂತನ ಮುಗಿದು, ಮಗಳೂ ಮೊಮ್ಮಗಳೂ ಗಂಡನ ಮನೆಗೆ ಹೊರಟರು, ತಂಬಿಗೆ ತನ್ನ ಮನೆಗೆ ಬಂತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಎಂದೂ ಇಲ್ಲದ ಹೊಳಪು ಬಂದಿದೆ.

ಹೊಳಪು ಅಂದೆನೆಂದು ಬೆಳ್ಳಿಯದೋ ತಾಮ್ರದ್ದೋ ಅಂದುಕೊಳ್ಳಬೇಡಿ. ಬರೀ ಅಲ್ಯೂಮಿನಿಯಂ. ನಮ್ಮ ಕಲಬುರಗಿ ಕಡೆ ಅದಕ್ಕೆ ಜರ್ಮನ್ ತಂಬಿಗೆ ಅನ್ನುತ್ತಾರೆ. ಆ ದೇಶಕ್ಕೂ ಇದಕ್ಕೂ ಏನು ಸಂಬಂಧವೋ, ನಾನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಇದು ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ನಾನು ಮದುವೆಯಾಗಿ ಬೆಂಗಳೂರಿಗೆ ಬರುವಾಗ ಸ್ಟೀಲಿನ ಪಾತ್ರೆಗಳ ಸಂದಿಯಲ್ಲಿ ಹೇಗೋ ಸೇರಿಕೊಂಡು ಬಂದುಬಿಟ್ಟಿತು. ಅದರ ಮೇಲೆ ಎರಡು ಗುರುತುಗಳಿವೆ. ಹೊಟ್ಟೆಯ ಮೇಲೆ ಒಂದು ನೆಗ್ಗು, ಬಾಯಂಚಿನಲ್ಲಿ ನಾಲ್ಕು ಹಲ್ಲಿನ ಗುಳಿ. ನೆಗ್ಗು ಮಾಡಿದವಳು ನಾನು, ಏಳು ವರ್ಷದವಳಿದ್ದಾಗ. ಹಲ್ಲಿನ ಗುಳಿ ನಮ್ಮ ನಾಯಿ ಭೀಮನದು. ಇಬ್ಬರ ತಕರಾರೂ ಒಂದೇ, ಸ್ನಾನ ಬೇಡ ಅನ್ನುವುದು.

ನನ್ನ ತಕರಾರನ್ನು ಮೊದಲು ಹೇಳಿಬಿಡುತ್ತೇನೆ. ಆಯಿಗೆ ಆರು ಜನ ಮೊಮ್ಮಕ್ಕಳು, ಬಿಸಿನೀರಿನ ಹಂಡೆ ಒಂದೇ. ಅಮಾವಾಸ್ಯೆಯ ಹಿಂದಿನ ದಿನ ಎಲ್ಲರಿಗೂ ಎಣ್ಣೆ ಹಚ್ಚಿ ಸಾಲಾಗಿ ಕೂರಿಸುತ್ತಿದ್ದಳು. ಅವಳ ಕಾನೂನು ಒಂದೇ ಮಾತಿನದು: "ಮೊದಲ್ನೇ ತಂಬಿಗಿ ತಲಿಗೆ." ಎಡಗೈಯಲ್ಲಿ ಗಲ್ಲ ಹಿಡಿದು, ಬಲಗೈಯಲ್ಲಿ ಧಡಾರನೆ ನೆತ್ತಿಗೆ ಸುರಿಯುತ್ತಿದ್ದಳು. ಉಸಿರು ತೆಗೆದುಕೊಳ್ಳೋಣ ಅಂದರೆ ಮೂಗಲ್ಲಿ ನೀರು, ಕಣ್ಣು ಬಿಡೋಣ ಅಂದರೆ ಸೀಗೆಕಾಯಿ. ಅತ್ತರೆ, "ಅಳು, ಕಣ್ಣಾಗಿನ ಹೊಲಸು ಹೋಗ್ತದ" ಅನ್ನುತ್ತಿದ್ದಳು. ಒಂದು ಸಲ ನಾನು ಅವಳ ಕೈಯಿಂದ ತಂಬಿಗೆ ಕಿತ್ತುಕೊಂಡು ಗೋಡೆಗೆ ಎಸೆದೆ. ಆಯಿ ಎದ್ದು ಹೋಗಿ ಅದನ್ನು ಎತ್ತಿಕೊಂಡು, ನೆಗ್ಗಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದಳು. ಹಂಡೆಯಲ್ಲಿ ಅದ್ದಿ, ತುಂಬಿಸಿ ತಂದು, ಮತ್ತೆ ನನ್ನ ತಲೆಯ ಮೇಲೆ ಸುರಿದಳು.

ದೊಡ್ಡವಳಾದ ಮೇಲೆ ನಾನು ಹಿಡಿದ ಕೆಲಸವೂ ಜನರನ್ನು ಅಳಿಸುವುದೇ. ಇಂದಿರಾನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುತ್ತೇನೆ. ಹದಿನೈದು ವರ್ಷವಾಯಿತು. ಸ್ವಲ್ಪ ಜಂಭ ಅನ್ನಿಸಿದರೂ ಪರವಾಗಿಲ್ಲ, ಹೇಳುತ್ತೇನೆ, ನನ್ನ ಕೈಗುಣ ಒಳ್ಳೆಯದು. "ಸುನಂದಾ ಮೇಡಂ ಬರ್ಲಿ, ಅವ್ರು ಚುಚ್ಚಿದ್ರೆ ಗೊತ್ತೇ ಆಗಲ್ಲ" ಎಂದು ಕಾದು ಕೂರುವ ಗಿರಾಕಿಗಳಿದ್ದಾರೆ. ತೋಳಿನ ತುಂಬ ಹುಲಿಯ ಹಚ್ಚೆ ಹಾಕಿಸಿಕೊಂಡವರು ಸೂಜಿ ಕಂಡು ಎಚ್ಚರ ತಪ್ಪಿದ್ದನ್ನೂ ನೋಡಿದ್ದೇನೆ. ಅಂಥವರನ್ನು ಮಾತಲ್ಲೇ ಹಿಡಿದು, ಮಾತು ಮುಗಿಯುವಷ್ಟರಲ್ಲಿ ಹತ್ತಿ ಒತ್ತಿ ಕಳಿಸುವವಳು ನಾನು.

ನನ್ನ ಗಂಡ ಬಸವರಾಜ ಬೈಯಪ್ಪನಹಳ್ಳಿ ಮೆಟ್ರೋ ಡಿಪೋದಲ್ಲಿ ರೈಲು ತೊಳೆಸುವ ಪಾಳಿಯ ಮೇಲ್ವಿಚಾರಕ. ದಿನಾ ಸಾಲುಸಾಲು ರೈಲುಗಳಿಗೆ ಸ್ನಾನ ಮಾಡಿಸುವ ಮನುಷ್ಯ. ಹೀಗೆ ಒಬ್ಬಳಿಗೆ ಕೈಗುಣ, ಇನ್ನೊಬ್ಬನಿಗೆ ನೀರಿನ ಅಭ್ಯಾಸ ಇರುವ ಮನೆಯಲ್ಲಿ ಒಂದು ನಾಯಿಗೆ ಸ್ನಾನ ಮಾಡಿಸಲು ಆಗಲಿಲ್ಲ ಅಂದರೆ ಯಾರಾದರೂ ನಗುತ್ತಾರೆ. ಸರೋಜಾ ಆಂಟಿ ಮಾತ್ರ ನಗಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಬಸವರಾಜ ಡಿಪೋದಿಂದ ಬಂದಾಗ ಹಿಂದೆ ಒಂದು ನಾಯಿ ಇತ್ತು. ಮೈಮೇಲೆ ಅರ್ಧಕ್ಕರ್ಧ ಕೂದಲಿಲ್ಲ. ಕೂದಲಿಲ್ಲದ ಕಡೆ ಕೆಂಪಗೆ ಹುಣ್ಣಾಗಿತ್ತು.

"ಏನ್ರೀ ಇದು?"

"ನಾ ಏನ್ ಮಾಡ್ಲಿ? ಗೇಟಿನಿಂದ ಬೆನ್ನ ಹತ್ಯಾದ. ಸಿಗ್ನಲ್‌ನಾಗ ನಾ ನಿಂತ್ರ ಅದೂ ನಿಂದರ್ತದ."

"ಎರಡು ದಿನ ಇರಲಿ" ಎಂದು ಶುರುವಾಯಿತು. ಎರಡು ದಿನ ಅನ್ನುವುದು ಯಾವ ಮನೆಯಲ್ಲಾದರೂ ಎಷ್ಟು ದಿನ ಎಂದು ನಿಮಗೂ ಗೊತ್ತು. ನಮ್ಮೂರ ಹೊಳೆ ಭೀಮೆಯ ನೆನಪಿಗೆ ಭೀಮ ಎಂದು ಹೆಸರಿಟ್ಟದ್ದೂ ಅವನೇ. ಹಲಸೂರಿನ ಪಶುವೈದ್ಯರು ನೋಡಿ, ಇಂಜೆಕ್ಷನ್ ಕೊಟ್ಟು, ಒಂದು ಔಷಧಿ ಶಾಂಪೂ ಬರೆದುಕೊಟ್ಟರು. "ವಾರಕ್ಕೆ ಎರಡು ಸಲ. ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೀಬೇಕು. ಕಜ್ಜಿ ಹೋಗೋದೇ ಸ್ನಾನದಿಂದ, ಅದನ್ನ ತಪ್ಪಿಸ್ಬೇಡಿ" ಅಂದರು.

ಭೀಮನ ಮೈ ವಾಸನೆ ನಮ್ಮ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಕೆಳಗಿನ ಮನೆಯ ದೇವರ ಕೋಣೆಯವರೆಗೂ ಹೋಯಿತು. ನಾಲ್ಕನೇ ದಿನ ಆಂಟಿ ಮೇಲೆ ಬಂದರು. ಸೆರಗು ಮೂಗಿಗೆ ಅಡ್ಡ ಹಿಡಿದೇ ಮಾತಾಡಿದರು.

"ನೋಡು ಸುನಂದಾ, ನಾನು ಕೆಟ್ಟವಳಲ್ಲ. ನನ್ ಮಗಳು ರಮ್ಯಾಗೆ ಏಳನೇ ತಿಂಗಳು. ಸೀಮಂತ ಮುಗಿಸ್ಕೊಂಡು ಇನ್ನು ಐದು ವಾರಕ್ಕೆ ಕರ್ಕೊಂಡು ಬರ್ತೀನಿ. ಒಗ್ಗರಣೆ ವಾಸನೆಗೇ ವಾಂತಿ ಮಾಡ್ಕೊಳ್ತಾಳೆ ಅವ್ಳು. ಅಷ್ಟರೊಳಗೆ ಈ ವಾಸನೆ ಹೋಗ್ಬೇಕು. ಇಲ್ಲ ಅಂದ್ರೆ ನಾಯಿನೇ ಹೋಗ್ಬೇಕು."

ತಪ್ಪು ಹುಡುಕೋಣ ಅಂದರೆ ಅವರ ಮಾತಿನಲ್ಲಿ ತಪ್ಪೇ ಇರಲಿಲ್ಲ. ಭೀಮ ನನ್ನ ಕಾಲಿನ ಹಿಂದೆ ನಿಂತು ಬಾಲ ಅಲ್ಲಾಡಿಸುತ್ತಿದ್ದ. ಈ ನಾಲ್ಕು ದಿನಗಳಲ್ಲಿ ಅವನು ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗುವುದನ್ನು ಕಲಿತಿದ್ದ. ನಾನು ಕೆಲಸದಿಂದ ಬರುವಾಗ ಮೆಟ್ಟಿಲ ತುದಿಯಲ್ಲಿ ನಿಂತಿರುತ್ತಿದ್ದ. ಇವನನ್ನು ಕಳಿಸುವುದು ನನ್ನಿಂದ ಆಗುವುದಿಲ್ಲ ಎಂದು ಆ ಹೊತ್ತಿಗೆ ನನಗೆ ಗೊತ್ತಾಯಿತು.

ಬಸವರಾಜನಿಗೆ ಹೇಳಿದೆ, ಇವತ್ತು ನೀವೇ ಸ್ನಾನ ಮಾಡಿಸಿ ಎಂದು. ಅವನು, "ನೀನೇ ಮಾಡು, ನಿಂದು ಕೈಗುಣ ಚಲೋ ಅದ" ಅಂದ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ, ಹಾಗಾಯಿತು. ಸರಿ, ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಗೀಸರ್ ನೀರು ಹದ ಮಾಡಿದೆ. ಭೀಮನನ್ನು ಬಚ್ಚಲಿಗೆ ಎಳೆದು, ಬಾಗಿಲು ಹಾಕಿ, ಎಡಗೈಯಲ್ಲಿ ಅವನ ಗಲ್ಲ ಹಿಡಿದೆ. ನನಗೆ ಬರುತ್ತಿದ್ದ ಸ್ನಾನ ಒಂದೇ ಬಗೆಯದು. ಜರ್ಮನ್ ತಂಬಿಗೆ ತುಂಬಿಸಿ ಧಡಾರನೆ ನೆತ್ತಿಗೆ ಸುರಿದೆ.

ಆಮೇಲೆ ಏನೇನಾಯಿತು ಎಂದು ಸಾಲಾಗಿ ಹೇಳುವುದು ಕಷ್ಟ. ಬಕೆಟ್ ಉರುಳಿತು. ಶಾಂಪೂ ಬಾಟಲಿ ಕಮೋಡಿಗೆ ಬಿತ್ತು. ಭೀಮ ತಂಬಿಗೆಯ ಬಾಯಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದ. ನಾನು ಎಳೆದೆ, ಅವನೂ ಎಳೆದ. ನಾನು ಜಾರಿ ಬಿದ್ದೆ. ಬಿದ್ದವಳ ಎದೆಯ ಮೇಲೆ ಹತ್ತಿ ಕಿಟಕಿಗೆ ಹಾರಲು ನೋಡಿದ. ಬಸವರಾಜ ಬಾಗಿಲು ತೆಗೆದದ್ದೇ ತಡ, ಅವನ ಕಾಲ ಸಂದಿಯಿಂದ ನುಗ್ಗಿ ಮಂಚದ ಕೆಳಗೆ ಸೇರಿದವನು ಮಾರನೇ ದಿನದವರೆಗೆ ಹೊರಗೆ ಬರಲಿಲ್ಲ. ನನ್ನನ್ನು ಮಾತ್ರ ಕಚ್ಚಲಿಲ್ಲ. ಕಚ್ಚಬಹುದಿತ್ತು, ನನ್ನ ಮುಖ ಅವನ ಬಾಯಿಯ ಹತ್ತಿರವೇ ಇತ್ತು. ಅವನು ಸಿಟ್ಟನ್ನೆಲ್ಲ ತಂಬಿಗೆಯ ಮೇಲೆ ತೀರಿಸಿಕೊಂಡ.

ಆಮೇಲೆ ಲ್ಯಾಬಿನ ಹತ್ತಿರವೇ ಇರುವ ಒಂದು ನಾಯಿ ಪಾರ್ಲರಿಗೆ ಹೋಗಿ ಕೇಳಿದೆ. ಗಾಜಿನ ಆಚೆ ಒಂದು ಶಿ ಟ್ಸು ಜಾತಿಯ ನಾಯಿ ಕಣ್ಣು ಮುಚ್ಚಿ ಹೇರ್ ಡ್ರೈಯರಿಗೆ ಮುಖ ಒಡ್ಡಿ ಕೂತಿತ್ತು. ತಲೆಗೆ ಜುಟ್ಟು, ಜುಟ್ಟಿಗೆ ರಿಬ್ಬನ್. ನನಗೆ ಆ ಯೋಗ ಮದುವೆಯ ದಿನ ಒಮ್ಮೆ ಬಂದದ್ದು ಬಿಟ್ಟರೆ ಮತ್ತೆ ಬಂದಿಲ್ಲ. ಅಲ್ಲಿನ ಹುಡುಗಿ ಭೀಮನ ಫೋಟೋ ನೋಡಿ, "ಸಾರಿ ಮ್ಯಾಮ್, ಸ್ಕಿನ್ ಪ್ರಾಬ್ಲಮ್ ಇದ್ರೆ ತಗೊಳಲ್ಲ, ಬೇರೆ ನಾಯಿಗಳಿಗೆ ಹರಡತ್ತೆ" ಅಂದಳು. ಅದೂ ನ್ಯಾಯವೇ. ಆದರೆ ಪಾಪ, ಆ ಹುಡುಗಿ ನನ್ನ ಮುಖ ನೋಡಿ ಒಂದು ವಿಳಾಸ ಕೊಟ್ಟಳು: "ಶಿವಾಜಿನಗರದಲ್ಲಿ ಗೌಸ್ ಭಾಯ್ ಅಂತ ಇದಾರೆ. ಅವ್ರು ತಗೋತಾರೆ."

ಗೌಸ್ ಭಾಯ್ ಅವರ ಜಾಗ ಒಂದು ಗಲ್ಲಿಯ ಕೊನೆಯಲ್ಲಿತ್ತು. ಮೇಲೆ ತಗಡು, ಕೆಳಗೆ ಸವೆದ ಕಲ್ಲುಚಪ್ಪಡಿ, ಗೋಡೆಯಲ್ಲಿ ಕಬ್ಬಿಣದ ಬಳೆಗಳು. ಒಂದು ಕಾಲದಲ್ಲಿ ಅದು ಜಟಕಾ ಕುದುರೆಗಳ ಲಾಯವಂತೆ. ಅವರ ತಂದೆಯ ಜಟಕಾ ಕಂಟೋನ್ಮೆಂಟ್ ಸ್ಟೇಷನ್ ಮುಂದೆ ನಿಲ್ಲುತ್ತಿತ್ತಂತೆ. ಅರವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಮೊಣಕಾಲಿನವರೆಗೆ ಮಡಚಿದ ಪೈಜಾಮ. ಭೀಮನನ್ನು ಗೂಡ್ಸ್ ಆಟೋದಿಂದ ಇಳಿಸುತ್ತಿದ್ದಂತೆ ದೂರದಿಂದಲೇ ನೋಡಿ ಕೈಯೆತ್ತಿದರು.

"ಕಜ್ಜಿ ಅದೆ. ಗೇಟ್ ಹತ್ರನೇ ಕೂತ್ಕೊಳ್ಳಿ ಅಮ್ಮಾ. ಎಲ್ಲಾ ಮುಗಿದ್ಮೇಲೆ ಇವನ್ದು. ಆಮೇಲೆ ನಾನು ಫಿನಾಯಿಲ್ ಹಾಕಿ ನೆಲ ತೊಳೀತೀನಿ."

ಹೀಗೆ ಪ್ರತಿ ಭಾನುವಾರ, ಪ್ರತಿ ಬುಧವಾರ ನಮ್ಮ ಸರದಿ ಕೊನೆಯದು. ಎರಡೆರಡು ಗಂಟೆ ಗೇಟಿನ ಪಕ್ಕದ ಬೆಂಚಿನಲ್ಲಿ ಕೂತು ಊರ ನಾಯಿಗಳ ಸ್ನಾನ ನೋಡುವುದೇ ಕೆಲಸವಾಯಿತು. ಟಿವಿ ಧಾರಾವಾಹಿಗಿಂತ ಚೆನ್ನಾಗಿತ್ತು.

ಫ್ರೇಜರ್ ಟೌನಿನ ಲ್ಯಾಬ್ರಡಾರ್ ಒಂದು ಬರುತ್ತಿತ್ತು. ಅದಕ್ಕೆ ಸ್ನಾನ ಮಾಡಿಸಲು ಯಾರೂ ಕಷ್ಟಪಡಬೇಕಿರಲಿಲ್ಲ, ನಿಲ್ಲಿಸಲು ಕಷ್ಟಪಡಬೇಕಿತ್ತು. ಬೆಲ್ಟ್ ಬಿಚ್ಚುವ ಮೊದಲೇ ತೊಟ್ಟಿಗೆ ಹಾರಿ, ಪೈಪನ್ನು ಬಾಯಲ್ಲಿ ಕಚ್ಚಿಕೊಂಡು, ಅಲ್ಲಿದ್ದವರಿಗೆಲ್ಲ ಸ್ನಾನ ಮಾಡಿಸಿ, ಹೊರಗೆ ಬಾ ಅಂದರೆ ಮೈ ಸಡಿಲ ಬಿಟ್ಟು ಗೋಣಿಚೀಲದಂತೆ ಬಿದ್ದುಕೊಳ್ಳುತ್ತಿತ್ತು. ರಕ್ತದಾನ ಶಿಬಿರಕ್ಕೆ ಬಿಸ್ಕತ್ತಿನ ಆಸೆಗೆ ಎಲ್ಲರಿಗಿಂತ ಮೊದಲು ಬಂದು ಮಲಗುವವರು ನನಗೆ ನೆನಪಾದರು.

ಹಲಸೂರಿನ ಒಬ್ಬ ತಮಿಳು ಅಜ್ಜಿಯ ಪಾಮೆರೇನಿಯನ್ ಬರುವಾಗ ಮಹಾರಾಣಿಯೇ. ನೀರು ಬಿದ್ದು ಕೂದಲೆಲ್ಲ ಅಂಟಿಕೊಂಡ ಕೂಡಲೇ ಒಳಗೆ ಇದ್ದದ್ದು ಅಳಿಲಿನಷ್ಟು ಪ್ರಾಣಿ ಎಂದು ಬಯಲಾಗುತ್ತಿತ್ತು. ಆ ಅವಮಾನ ಅದಕ್ಕೂ ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ. ಅಜ್ಜಿಯ ಸೀರೆಯಲ್ಲಿ ಮುಖ ಹುದುಗಿಸಿಬಿಡುತ್ತಿತ್ತು. ಅಜ್ಜಿ, "ಆಯಿಡ್ಚು ಕಣ್ಣಾ, ಆಯಿಡ್ಚು" ಎಂದು, ಮುಗಿಯಿತು ಅನ್ನುವ ಸಮಾಧಾನ ಹೇಳುತ್ತ ತಾವೂ ಪೂರ್ತಿ ನೆನೆಯುತ್ತಿದ್ದರು.

ಒಂದು ಹಸ್ಕಿ ಇತ್ತು. ಟವೆಲ್ ಕಂಡರೆ ಸಾಕು, ಕತ್ತು ಕೊಯ್ಯುತ್ತಿದ್ದಾರೇನೋ ಅನ್ನುವಂತೆ ಕಿರುಚುತ್ತಿತ್ತು. ಅಕ್ಕಪಕ್ಕದ ಮನೆಗಳ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು. ಇನ್ನೂ ಒಂದು ಹನಿ ನೀರೂ ತಾಗಿರುತ್ತಿರಲಿಲ್ಲ. ಗೌಸ್ ಭಾಯ್ ಅದರ ಪಾಡಿಗೆ ಅದನ್ನು ಬಿಟ್ಟು ಬೀಡಿ ಸೇದಿ ಬರುತ್ತಿದ್ದರು. "ಕೂಗಿ ಮುಗಿಸ್ಲಿ ಅಮ್ಮಾ. ಇದು ವಕೀಲ್ರ ನಾಯಿ. ಮೊದಲು ವಾದ, ಆಮೇಲೆ ಸ್ನಾನ." ನನಗೂ ಅಂಥ ಗಿರಾಕಿಗಳಿದ್ದಾರೆ, ಸ್ಪಿರಿಟ್ ಹತ್ತಿಗೇ ಕಿರುಚುವವರು.

ಗಿಡ್ಡ ಕಾಲಿನ, ಉದ್ದ ಮೈಯ ಒಂದು ಡ್ಯಾಷ್‌ಹುಂಡ್‌ಗೆ ನೀರಿನ ಬಗ್ಗೆ ಯಾವ ದೂರೂ ಇರಲಿಲ್ಲ. ಉಗುರು ಕತ್ತರಿಸುವ ಕತ್ತರಿ ಹೊರಗೆ ಬಂದರೆ ಮಾತ್ರ ಅದರ ಉದ್ದ ಇನ್ನೂ ಒಂದು ಗೇಣು ಹೆಚ್ಚಾಗಿ, ಹಿಡಿದವರ ಕೈಯಿಂದ ಜಾರಿಹೋಗುತ್ತಿತ್ತು.

ನನಗೆ ಹತ್ತಿರದ್ದು ಅನ್ನಿಸಿದ್ದು ಮುಧೋಳದ ನಾಯಿ. ವಿಮಾನಪುರದ ಒಬ್ಬ ನಿವೃತ್ತರು ಕರೆದುಕೊಂಡು ಬರುತ್ತಿದ್ದರು. ಕಡ್ಡಿಯಂಥ ಕಾಲುಗಳ ಮೇಲೆ ನೆಟ್ಟಗೆ ನಿಂತು ಗೋಡೆ ನೋಡುತ್ತಿತ್ತು. ಅಳುತ್ತಿರಲಿಲ್ಲ, ನಡುಗುತ್ತಿರಲಿಲ್ಲ, ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಊಟಕ್ಕೆ ಸರಿಯಾಗಿ ಕರೆಯದಿದ್ದರೆ ಹಿರಿಯರು ನಿಲ್ಲುವುದು ಹೀಗೆಯೇ. ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಆ ಮುನಿಸು ಇಳಿಯುತ್ತಿರಲಿಲ್ಲ.

"ಎಲ್ಲಾ ನಾಯಿಗೂ ಒಂದೊಂದು ಜಾಗ ಇರ್ತದೆ ಅಮ್ಮಾ" ಎಂದು ಗೌಸ್ ಭಾಯ್ ಮೊದಲ ಭಾನುವಾರವೇ ಹೇಳಿದ್ದರು. "ಒಂದಕ್ಕೆ ಉಗುರು, ಒಂದಕ್ಕೆ ಕಿವಿ, ಒಂದಕ್ಕೆ ಬಾಲ. ಅದು ಗೊತ್ತಾದ್ರೆ ಆಯ್ತು. ಇವನ್ದು ಯಾವುದು?"

ನಮ್ಮ ಬಚ್ಚಲಿನ ಕಥೆ ಹೇಳಿದೆ. ತಂಬಿಗೆ ಕಚ್ಚಿದ್ದನ್ನೂ ಹೇಳಿದೆ. ಮುಂದಿನ ಸಲ ಅದೇ ತಂಬಿಗೆಯನ್ನು ತರಲು ಹೇಳಿದರು. ಬುಧವಾರ ತೆಗೆದುಕೊಂಡು ಹೋದೆ. ತಂಬಿಗೆ ಕಂಡ ಭೀಮ ಆಟೋದಿಂದಲೇ ಇಳಿಯಲಿಲ್ಲ.

"ನೀರು ಹೆಂಗೆ ಹಾಕಿದ್ರಿ? ತೋರ್ಸಿ."

ಖಾಲಿ ತಂಬಿಗೆಯನ್ನು ಎತ್ತಿ, ಮೇಲಿಂದ ಸುರಿಯುವಂತೆ ಮಾಡಿ ತೋರಿಸಿದೆ. ಗೌಸ್ ಭಾಯ್ ಹಣೆ ಚಚ್ಚಿಕೊಂಡರು.

"ಅರೆ ಬೇಟಿ, ತಲೆ ಮೇಲೆ ಯಾಕೆ? ಇವನು ಬೀದಿ ನಾಯಿ. ಹೋಟೆಲ್‌ನವ್ರು, ಅಂಗಡಿಯವ್ರು, ಎಲ್ಲಾ ಬಾಗಿಲಲ್ಲಿ ನಿಂತು ಇವನ ಮೇಲೆ ಚೊಂಬಲ್ಲಿ ನೀರು ಎಸೆದವ್ರೇ. ಮೇಲಿಂದ ನೀರು ಬಂತು ಅಂದ್ರೆ ಇವನಿಗೆ ಅರ್ಥ ಒಂದೇ, 'ನಡಿ ಆಚೆ.'"

ನನಗೆ ನಾಚಿಕೆಯಾಯಿತು. ಅವನ ಜೀವಮಾನದಲ್ಲಿ ಮೇಲಿನಿಂದ ಬಿದ್ದ ನೀರೆಲ್ಲ ಓಡಿಸುವುದಕ್ಕೆ ಬಿದ್ದದ್ದು. ಇಲ್ಲೇ ಇರು ಎಂದು ಹೇಳುವುದಕ್ಕೆ ನಾನೂ ಅದನ್ನೇ ಮಾಡಿದ್ದೆ. ಅದೂ ಬಾಗಿಲು ಹಾಕಿ, ಗಲ್ಲ ಹಿಡಿದು.

"ನಮ್ಮ ಅಬ್ಬಾ ಕುದುರೆಗೆ ನೀರು ಹಾಕುವಾಗ ಮೊದಲು ಹಿಂದಿನ ಕಾಲು. ನೆಲದ ಹತ್ರ ಗೊರಸಿಗೆ. ಕಾಲಿಗೆ ಬಿದ್ದ ನೀರಿಗೆ ಯಾರೂ ಹೆದರಲ್ಲ. ನೀರು ಎಲ್ಲಿಗೆ ಬರ್ತಾ ಇದೆ ಅಂತ ಕುದುರೆಗೇ ಗೊತ್ತಾಗ್ಬೇಕು. ತಲೆಗೆ ನೀರೇ ಇಲ್ಲ, ಒದ್ದೆ ಬಟ್ಟೆ ಅಷ್ಟೇ. ಕೂತ್ಕೋ ಬೇಟಿ, ನೀನೇ ಮಾಡು. ನಾನು ಮಾಡಿದ್ರೆ ಇಲ್ಲಿ ನಿಲ್ತಾನೆ, ಮನೇಲಿ ನಿಲ್ಲಲ್ಲ."

ಖಾಲಿ ತಂಬಿಗೆಯನ್ನು ನೆಲದ ಮೇಲೆ ಅಡ್ಡ ಮಲಗಿಸಿದೆವು. ಭೀಮ ಬಂದು ಮೂಸುವವರೆಗೆ ಯಾರೂ ಏನೂ ಮಾಡಕೂಡದು ಎಂಬುದು ಅವರ ಅಪ್ಪಣೆ. ಸುಮಾರು ಅರ್ಧ ಗಂಟೆ ಹಿಡಿಯಿತು. ಆಮೇಲೆ ನಾನು ಕಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತಂಬಿಗೆಯಲ್ಲಿ ಅರ್ಧ ನೀರು ತೆಗೆದುಕೊಂಡು, ಹಿಂದಿನ ಪಾದದ ಮೇಲೆ ಸಣ್ಣ ಧಾರೆ ಬಿಟ್ಟೆ. ಭೀಮ ತಿರುಗಿ ತನ್ನ ಪಾದವನ್ನು ನೋಡಿಕೊಂಡ. ನನ್ನನ್ನೂ ನೋಡಿದ. ಅವನ ಮೈ ಗಡಗಡ ನಡುಗುತ್ತಿತ್ತು.

"ನೀನು ಉಸಿರು ಬಿಡು ಮೊದಲು" ಅಂದರು ಗೌಸ್ ಭಾಯ್. "ನೀನು ಉಸಿರು ಹಿಡ್ಕೊಂಡಿದ್ರೆ ಅವನಿಗೆ ಏನೋ ಕೆಟ್ಟದಾಗ್ತದೆ ಅನ್ನಿಸ್ತದೆ."

ಹದಿನೈದು ವರ್ಷದಿಂದ ದಿನಾ ನಲವತ್ತು ಜನರಿಗೆ "ಉಸಿರು ಬಿಡಿ, ಉಸಿರು ಬಿಡಿ" ಎಂದು ಹೇಳುವವಳು ನಾನು. ಗೊರಸು, ಮೊಣಕಾಲು, ತೊಡೆ, ಬೆನ್ನು ಎಂದು ನೀರು ಮೇಲಕ್ಕೆ ಹೋಯಿತು, ನೀರಿನ ಹಿಂದೆಯೇ ನನ್ನ ಅಂಗೈ ಹೋಯಿತು. ಅವಸರದಲ್ಲಿ ಗೊರಸು ಎಂದು ಬರೆದಿದ್ದೇನೆ, ನಾಯಿಗೆ ಗೊರಸಿಲ್ಲ ಎಂದು ಗೊತ್ತು. ಭಾಯ್ ಹೇಳುತ್ತಿದ್ದದ್ದು ಹಾಗೆ, ನನ್ನ ತಲೆಯಲ್ಲಿ ಹಾಗೆಯೇ ಕೂತಿದೆ. ಶಾಂಪೂ ಹಚ್ಚಿ ಹತ್ತು ನಿಮಿಷ ಕಾಯುವಾಗ ಭೀಮ ನನ್ನ ತೊಡೆಗೆ ಒರಗಿಕೊಂಡ. ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸಿದಾಗ ಕಣ್ಣು ಮುಚ್ಚಿದ.

ಆ ವಾರ ಒಂದು ಬೆಳಗ್ಗೆ ಸ್ನಾನಕ್ಕೆ ಕೂತವಳು ನಾನೂ ಮೊದಲ ತಂಬಿಗೆಯನ್ನು ಪಾದಕ್ಕೆ ಹಾಕಿಕೊಂಡೆ. ನಲವತ್ತು ವರ್ಷದಲ್ಲಿ ಮೊದಲ ಸಲ. ಬಹಳ ಹಿತವಾಗಿತ್ತು, ಜೊತೆಗೆ ಆಯಿಗೆ ಮೋಸ ಮಾಡಿದೆನೇನೋ ಅಂತಲೂ ಅನ್ನಿಸಿತು. ಅವಳೇನು ಕ್ರೂರಿಯಲ್ಲ. ಆರು ಮಕ್ಕಳು, ಒಂದು ಹಂಡೆ, ಆರಿಹೋಗುವ ನೀರು. ಒಬ್ಬೊಬ್ಬರ ಪಾದಕ್ಕೆ ಧಾರೆ ಬಿಡುತ್ತ ಕೂತಿದ್ದರೆ ಆರನೆಯವನಿಗೆ ತಣ್ಣೀರೇ ಗತಿಯಾಗುತ್ತಿತ್ತು. ಅಳುವುದನ್ನೆಲ್ಲ ಒಂದೇ ತಂಬಿಗೆಗೆ ಮುಗಿಸಿಬಿಡುತ್ತಿದ್ದಳು. ನನ್ನ ಮನೆಯಲ್ಲಿ ಗೀಸರ್ ಇದೆ, ಆರು ಮಕ್ಕಳಿಲ್ಲ. ಅವಳ ಅವಸರ ಮಾತ್ರ ತಂಬಿಗೆಯ ಜೊತೆ ನನಗೆ ಬಂದುಬಿಟ್ಟಿತ್ತು.

ಐದನೇ ವಾರದ ಹೊತ್ತಿಗೆ ಭೀಮನ ಮೈಮೇಲೆ ಬೂದು ಬಣ್ಣದ ಎಳೆಗೂದಲು ಬಂದಿತ್ತು. ರಮ್ಯಾ ಬಂದ ಸಂಜೆ ಆಂಟಿ ಅರಿಶಿನ ಕುಂಕುಮಕ್ಕೆ ಕರೆಯಲು ಮೇಲೆ ಬಂದರು. ಬಾಗಿಲಲ್ಲಿ ನಿಂತು ಎರಡು ಸಲ ಮೂಗೆಳೆದರು. ಸೆರಗು ಮೂಗಿನವರೆಗೆ ಹೋಗಿದ್ದದ್ದು ಕೆಳಗಿಳಿಯಿತು.

"ಕಳ್ಸಿಬಿಟ್ರಾ?"

ಅವರ ದನಿ ಸಣ್ಣಗಾಗಿತ್ತು. "ಅಯ್ಯೋ, ನಾನೇನೋ ಕೋಪದಲ್ಲಿ ಅಂದೆ. ಎಲ್ಲಿ ಬಿಟ್ರಿ ಅದನ್ನ?"

ಬಚ್ಚಲಿನ ತಣ್ಣನೆ ನೆಲದ ಮೇಲೆ ಮಲಗಿದ್ದ ಭೀಮ ಮೈಮುರಿಯುತ್ತ ಎದ್ದು ಬಂದ. ಆಂಟಿ ಅವನನ್ನೂ ನನ್ನನ್ನೂ ನೋಡಿ, "ಇದು ಅದೇನಾ?" ಅಂದರು. ನಮ್ಮ ಕಷ್ಟ ಮುಗಿಯಿತು ಎಂದುಕೊಂಡು ಆ ದಿನ ಶಾವಿಗೆ ಪಾಯಸ ಮಾಡಿದೆ.

ಮುಗಿದಿರಲಿಲ್ಲ. ಡಿಸೆಂಬರಿನಲ್ಲಿ ರಮ್ಯಾಗೆ ಹೆಣ್ಣು ಮಗುವಾಯಿತು. ಹನ್ನೊಂದು ದಿನ ಕಳೆದ ಮೇಲೆ ದಿನಾ ಬೆಳಗ್ಗೆ ಎಂಟಕ್ಕೆ ಆಂಟಿ ಮಗುವಿಗೆ ನೀರು ಹಾಕಲು ಶುರು ಮಾಡಿದರು. ಕೆಳಗೆ ಮಗು ಕಿರುಚಿ ಅಳುವುದು ಕೇಳಿದ್ದೇ ತಡ, ಮೇಲೆ ಭೀಮ ಮಂಚದ ಕೆಳಗೆ ನುಗ್ಗಿ, ಮೂತಿ ಮೇಲೆತ್ತಿ ಊಳಿಡತೊಡಗಿದ. ಮಗುವಿನ ಅಳು ನಿಲ್ಲುವವರೆಗೆ ಅವನೂ ನಿಲ್ಲಿಸುತ್ತಿರಲಿಲ್ಲ. ಆ ಊಳಿಗೆ ಹೆದರಿ ಮಗು ಇನ್ನಷ್ಟು ಅಳುತ್ತಿತ್ತು. ಆ ಅಳು ಸ್ನಾನದ್ದು ಎಂದು ಅವನಿಗೆ ಹೇಗೆ ಗೊತ್ತಾಯಿತೋ. ಹಸಿವಿಗೆ ಅತ್ತರೆ ಅವನು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

ನಾಲ್ಕನೇ ದಿನ ಆಂಟಿ ಬಂದರು. ಈ ಸಲ ಮೂಗಿಗೆ ಸೆರಗಿರಲಿಲ್ಲ, ಕಣ್ಣಲ್ಲಿ ನೀರಿತ್ತು.

"ಸುನಂದಾ, ಎಳೇ ಮಗು ಇರೋ ಮನೇಲಿ ನಾಯಿ ಊಳಿಡಬಾರ್ದು. ಮೂಢನಂಬಿಕೆ ಅಂತಲೇ ಇಟ್ಕೋ. ನಾಳೆ ಮಗುಗೆ ಒಂದು ಜ್ವರ ಬಂದ್ರೂ ನನಗೆ ಇದೇ ನೆನಪಾಗತ್ತೆ. ಭಾನುವಾರದೊಳಗೆ ಎಲ್ಲಾದ್ರೂ ಬಿಟ್ಬಿಡಿ. ನಿನ್ ಕಾಲಿಗೆ ಬೀಳ್ತೀನಿ."

ಹಿರಿಯರು ಕಾಲಿಗೆ ಬೀಳುತ್ತೇನೆ ಅಂದ ಮೇಲೆ ವಾದ ಮಾಡಲು ಏನಿದೆ? ಬಸವರಾಜ ಊಟ ಬಿಟ್ಟ. "ಡಿಪೋದಾಗೇ ಬಿಡ್ತೀನಿ, ದಿನಾ ಅನ್ನ ಹಾಕ್ತೀನಿ" ಅಂದ. ಅಂದವನು ಎದ್ದು ಹೋಗಿ ಕೈ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತ.

ಗುರುವಾರ ನನಗೆ ವಾರದ ರಜೆ. ಎಂಟಕ್ಕೆ ಅಳು ಕೇಳಿಸಿತು, ಮಂಚದ ಕೆಳಗಿಂದ ಊಳೂ ಕೇಳಿಸಿತು. ನಾನು ಕೆಳಗಿಳಿದು ಹೋಗಿ ಅವರ ಬಚ್ಚಲ ಬಾಗಿಲಲ್ಲಿ ನಿಂತೆ. ಆಂಟಿ ಮಣೆಯ ಮೇಲೆ ಕಾಲು ನೀಡಿ ಕೂತಿದ್ದರು. ಮಗು ಕಾಲುಗಳ ಮೇಲೆ ಅಂಗಾತ ಮಲಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಜಗ್ಗು. ನೀರು ನೇರವಾಗಿ ನೆತ್ತಿಗೆ ಬೀಳುತ್ತಿತ್ತು. ಮಗುವಿನ ಎರಡೂ ಮುಷ್ಟಿ ಬಿಗಿದುಕೊಂಡಿದ್ದವು.

"ಆಂಟಿ, ಮೊದಲು ಪಾದಕ್ಕೆ ಹಾಕಿ ನೋಡಿ."

"ಏನು?"

"ಮೊದಲು ಪಾದ, ಆಮೇಲೆ ಮೇಲಕ್ಕೆ. ತಲೆಗೆ ಕೊನೆಗೆ. ಭೀಮನೂ ಹಾಗೇ..."

"ನಾಯಿಗೆ ಮಾಡೋದನ್ನ ನನ್ ಮೊಮ್ಮಗಳಿಗೆ ಹೇಳ್ಕೊಡ್ತೀಯಾ?"

ಬಾಯಿ ತಪ್ಪಿದ್ದು ನನಗೂ ಗೊತ್ತಾಯಿತು. ಆದರೂ ಹೇಳಿಬಿಟ್ಟೆ. "ನಾಯಿ ಮಾತು ಬಿಡಿ ಆಂಟಿ. ನಮ್ಮ ಆಯಿ ನನಗೂ ಹೀಗೇ ಹಾಕ್ತಿದ್ಳು. ನಾನು ಅವಳ ತಂಬಿಗೆ ಕಿತ್ಕೊಂಡು ಗೋಡೆಗೆ ಎಸೆದಿದ್ದೆ. ಈ ಮಗುಗೆ ಕೈಲಾಗ್ತಿದ್ರೆ ಇದೂ ಎಸೀತಿತ್ತು."

ಒಳಗಿನ ಕೋಣೆಯಿಂದ ರಮ್ಯಾ ಕೂಗಿದಳು. "ಅಮ್ಮಾ, ಒಂದ್ಸಲ ಮಾಡಿ ನೋಡಮ್ಮಾ. ಅದರ ಅಳು ನನ್ ಕೈಲಿ ಕೇಳಕ್ಕಾಗ್ತಿಲ್ಲ."

ಆಂಟಿ ಮತ್ತೆ ಜಗ್ಗು ತುಂಬಿಸಿಕೊಂಡರು. ನಾನು ಮೇಲೆ ಬಂದೆ. ಬಸವರಾಜ ಭೀಮನ ಬೆಲ್ಟ್ ಹುಡುಕುತ್ತಿದ್ದ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು.

"ಆ ತಂಬಿಗೆ ಕೊಡು" ಅಂದರು ಆಂಟಿ. "ಜಗ್ಗಲ್ಲಿ ಸಣ್ಣ ಧಾರೆ ಬರಲ್ಲ."

"ಆಂಟಿ, ಅದರಲ್ಲಿ ಭೀಮನಿಗೆ..."

"ಗೊತ್ತು. ಹುಣಸೆಹಣ್ಣು ಹಚ್ಚಿ ತಿಕ್ತೀನಿ."

ಲ್ಯಾಬಿನ ಬುದ್ಧಿ ಬಿಡಲಿಲ್ಲ. ಅವರನ್ನು ಕೂರಿಸಿ, ಇಪ್ಪತ್ತು ನಿಮಿಷ ತಂಬಿಗೆಯನ್ನು ನೀರಲ್ಲಿ ಕುದಿಸಿ ಕೊಟ್ಟೆ. ಆಂಟಿ ಬಾಯಂಚಿನ ಗುಳಿಗಳ ಮೇಲೆ ಬೆರಳಾಡಿಸಿದರು, ಹೊಟ್ಟೆಯ ನೆಗ್ಗನ್ನೂ ಮುಟ್ಟಿ ನೋಡಿದರು. ಯಾವುದು ಯಾರದು ಎಂದು ಕೇಳಲಿಲ್ಲ.

ಶುಕ್ರವಾರ ಬೆಳಗ್ಗೆ ನಾನು ಲ್ಯಾಬಿಗೆ ತಡವಾಗಿ ಬರುತ್ತೇನೆಂದು ಫೋನ್ ಮಾಡಿದೆ. ಎಂಟಕ್ಕೆ ಐದು ನಿಮಿಷ ಇದ್ದಾಗಲೇ ಭೀಮ ಮಂಚದ ಕೆಳಗೆ ಸೇರಿದ. ಬಸವರಾಜ ಬೆಲ್ಟ್ ಕೈಯಲ್ಲಿ ಹಿಡಿದು ಮಂಚದ ಮೇಲೆ ಕೂತ, ನಾನು ನೆಲದ ಮೇಲೆ ಕೂತೆ. ಕೆಳಗೆ ಬಚ್ಚಲ ಬಾಗಿಲಿನ ಚಿಲಕದ ಸದ್ದಾಯಿತು. ನೀರು ಸುರಿಯುವ ಸದ್ದು ಬಂತು. ಇಬ್ಬರೂ ಉಸಿರು ಹಿಡಿದುಕೊಂಡಿದ್ದೆವು. ಮಗು ಒಂದು ಸಲ "ಆ್ಯಂ" ಎಂದಿತು. ಮತ್ತೆ ನೀರಿನ ಸದ್ದು, ಅದರ ಜೊತೆ ಆಂಟಿಯ ದನಿ: "ಪಾದ ಪಾದ, ಪುಟ್ಟ ಪಾದ." ಆಮೇಲೆ ಬರೀ ನೀರು. ಅಳು ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಭೀಮ ಮಂಚದ ಕೆಳಗಿಂದ ಹೊರಗೆ ಬಂದು, ಮೈ ಕೊಡವಿ, ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದ. ಬಸವರಾಜ ಬೆಲ್ಟನ್ನು ಮೊಳೆಗೆ ನೇತುಹಾಕಿದ.

ಭಾನುವಾರ ಬಂತು, ಹೋಯಿತು. ನಾಯಿಯನ್ನು ಎಲ್ಲಿ ಬಿಟ್ಟಿರಿ ಎಂದು ಯಾರೂ ಕೇಳಲಿಲ್ಲ.

ಈಗ ತಂಬಿಗೆ ವಾಪಸ್ಸು ಬಂದಿದೆ. ಯಾರದಾದರೂ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು ಅನ್ನುವ ಪದ್ಧತಿ ಇದೆಯಲ್ಲ, ಸಕ್ಕರೆಯೋ ಹೂವೋ ಹಾಕಿರುತ್ತಾರೆ. ಆಂಟಿ ಕೆಳಗಿಳಿದು ಹೋದ ಮೇಲೆ ಒಳಗೆ ನೋಡಿದೆ. ನಾಯಿ ಬಿಸ್ಕತ್ತು, ಕುತ್ತಿಗೆಯವರೆಗೆ. ನೆಲದ ಮೇಲೆ ಇಟ್ಟೆ. ಭೀಮ ಬಂದ, ಒಂದು ಸಲ ಮೂಸಿದ, ನೋಡುನೋಡುತ್ತಿದ್ದಂತೆ ತಾನಾಗಿಯೇ ತಂಬಿಗೆಯೊಳಗೆ ಮೂತಿ ತೂರಿಸಿ ತಿನ್ನತೊಡಗಿದ.